ಯಾವ ಇಸವಿಯ ಮೈಸೂರು ರೈಲು?

ಇತಿಹಾಸವನ್ನು ತಿಳಿಯುವ ದಾರಿಗಳು ಹಲವು. ಕಾಗದಪತ್ರಗಳನ್ನು ಓದಿ ತಿಳಿಯುವುದು ಒಂದು. ಕೋಟೆ, ಶಾಸನ, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಇವುಗಳನ್ನು ನೋಡಿ ತಿಳಿಯುವುದು ಇನ್ನೊಂದು. ಈಚಿನ ಎರಡು ಮೂರು ದಶಕಗಳಲ್ಲಿ ಮೂರನೆಯ ದಾರಿಯೊಂದು ತೆರೆದಿದೆ. ಸಂದುಹೋದ ಕಾಲದ ಒಂದು ವ್ಯವಸ್ಥೆಯನ್ನು ಗಣಕಯಂತ್ರದ ಪರದೆಯ ಮೇಲೆ ಮತ್ತೆ ಕಟ್ಟಿ, ಅದನ್ನು ನಮ್ಮ ಕೈಯಿಂದಲೇ ನಡೆಸಿ ತಿಳಿಯುವುದು ಈ ದಾರಿ. ಇದಕ್ಕೆ ಹೊರಗಣ್ಣಿನ ಹೆಸರು ಆಟ. ಆದರೆ ಆಟವೆಂದ ಮಾತ್ರಕ್ಕೆ ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಮಕ್ಕಳ ಆಟಗಳಲ್ಲಿ ಎಷ್ಟೋ ಹಳೆಯ ಕಾಲದ ಬಾಳುವೆ ಅಡಗಿ ಕುಳಿತಿರುತ್ತದೆಂಬುದು ಜಾನಪದವನ್ನು ಬಲ್ಲವರಿಗೆಲ್ಲ ತಿಳಿದ ಸಂಗತಿ.

ನಾನು ಇಲ್ಲಿ ಹೇಳಹೊರಟಿರುವುದು ಟ್ರೈನ್ ಸಿಮ್ಯುಲೇಟರ್ ಎಂಬ ಆಟವನ್ನು ಕುರಿತು, ಮತ್ತು ಅದರ ನೆಪದಲ್ಲಿ ನಮ್ಮ ಹಳೆಯ ಮೈಸೂರು ಸಂಸ್ಥಾನದ ರೈಲ್ವೆಯನ್ನು ಕುರಿತು. ಈ ಆಟದಲ್ಲಿ ಆಡುವವನು ಎಂಜಿನ್ ಚಾಲಕನ ಜಾಗದಲ್ಲಿ ಕೂರುತ್ತಾನೆ. ಮುಂದೆ ಹಳಿ, ಕೈಮರ, ಸೇತುವೆ, ನಿಲ್ದಾಣ. ಪಕ್ಕದಲ್ಲಿ ಹೊಲ, ತೋಟ, ಊರು. ಏರಿನಲ್ಲಿ ಗಾಡಿ ತಿಣುಕುತ್ತದೆ, ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ನಿಲ್ದಾಣವನ್ನು ದಾಟಿಹೋಗುತ್ತದೆ. ವೇಳಾಪಟ್ಟಿಗೆ ಸರಿಯಾಗಿ ಗಾಡಿಯನ್ನು ತಲುಪಿಸುವುದೇ ಗೆಲುವು. ನಮ್ಮ ಮೈಸೂರಿನ ಉದಯಗಿರಿಯಲ್ಲಿ ಈ ಆಟದ ಗೀಳು ಹಿಡಿದ ಕೆಲವು ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಉದಯಗಿರಿ ಊರಿನ ಈಶಾನ್ಯದ ಬಡಾವಣೆ; ರೈಲು ನಿಲ್ದಾಣ ಅಲ್ಲಿಗೆ ಹತ್ತಿರವೇನೂ ಅಲ್ಲ. ಆದರೂ ಇಂಗ್ಲೆಂಡಿನ, ಜಪಾನಿನ ದಾರಿಗಳಲ್ಲಿ ಗಾಡಿ ಬಿಟ್ಟು ಬೇಸತ್ತ ಆ ಹುಡುಗರಿಗೆ, ನಮ್ಮ ಕಡೆಯ ಹಳೆಯ ರೈಲು ದಾರಿಗಳನ್ನೇ ಏಕೆ ಆಟವಾಗಿ ಕಟ್ಟಬಾರದೆಂಬ ಆಲೋಚನೆ ಬಂದಿದೆ. ಅವರು ಕೇಳಿದ ಮೊದಲ ಪ್ರಶ್ನೆ ಚಿಕ್ಕದು: ಯಾವ ಇಸವಿಯದನ್ನು ಕಟ್ಟುವುದು? ಈ ಪ್ರಶ್ನೆಗೆ ಉತ್ತರ ಹುಡುಕುವುದೆಂದರೆ ಮೈಸೂರಿನ ಇತಿಹಾಸದ ಒಂದು ಮುಖ್ಯ ಅಧ್ಯಾಯವನ್ನು ಮೊದಲಿನಿಂದ ಓದಿದಂತೆಯೇ ಸರಿ.

ಬೇರೆ ದೇಶದವರು ಈ ಕೆಲಸವನ್ನು ಹೇಗೆ ಮಾಡಿದ್ದಾರೆಂಬುದನ್ನು ಮೊದಲು ನೋಡಬಹುದು. ೨೦೦೧ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ಟ್ರೈನ್ ಸಿಮ್ಯುಲೇಟರಿನಲ್ಲಿ ಕೆಲವೇ ದಾರಿಗಳಿದ್ದುವು. ಅವುಗಳಲ್ಲಿ ಒಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ಪರ್ವತದ ಕಡೆಗೆ ಹೋಗುವ ದಾರಿ. ಅದನ್ನು ಇಂದಿನಂತೆ ತೋರಿಸದೆ ೧೯೨೦ರ ದಶಕದ ಓರಿಯೆಂಟ್ ಎಕ್ಸ್‌ಪ್ರೆಸ್ಸಿನ ಕಾಲಕ್ಕೆ ಒಯ್ದಿದ್ದರು. ಇನ್ನೊಂದು ಜಪಾನಿನ ಕ್ಯೂಶೂ ದ್ವೀಪದ ಹಿಸಾತ್ಸು ಎಂಬ ಬೆಟ್ಟದ ದಾರಿ. ಗಾಡಿ ಅಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹೋಗುತ್ತ ಗುಡ್ಡವನ್ನೇರುತ್ತಿತ್ತು. ೨೦೨೦ರ ಜುಲೈ ತಿಂಗಳ ಮಹಾಪ್ರವಾಹದಲ್ಲಿ ಆ ದಾರಿ ಕೆಟ್ಟು, ಬೆಟ್ಟದ ಭಾಗದಲ್ಲಿ ಗಾಡಿಗಳ ಸಂಚಾರ ನಿಂತುಹೋಯಿತು. ನೆಲದ ಮೇಲೆ ನಿಂತ ಗಾಡಿ ಆಟದಲ್ಲಿ ಮಾತ್ರ ಏರುತ್ತಲೇ ಇದೆ. ಹವ್ಯಾಸಿಗಳು ಮುಂದೆ ಓಪನ್ ರೈಲ್ಸ್ ಎಂಬ ಉಚಿತ ತಂತ್ರಾಂಶವನ್ನು ರೂಪಿಸಿದ್ದರಿಂದ, ದೊಡ್ಡ ಬಂಡವಾಳವಿಲ್ಲದವರೂ ಮನೆಯಲ್ಲಿ ಕುಳಿತು ತಮ್ಮೂರ ದಾರಿಯನ್ನು ಕಟ್ಟಬಹುದಾಗಿದೆ. ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಮಾಹಿತಿ. ಮಾಹಿತಿಗಿಂತ ಹೆಚ್ಚಾಗಿ ತಾಳ್ಮೆ.

ಇನ್ನು ನಮ್ಮ ರೈಲ್ವೆಯ ಕಥೆ. ಮೈಸೂರು ಸೀಮೆಗೆ ಮೊದಲ ರೈಲು ಬಂದುದು ಮದರಾಸಿನ ಕಡೆಯಿಂದ. ೧೮೬೪ರಲ್ಲಿ ಮದರಾಸು ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಹಳಿ ಹಾಕಿ ಮುಗಿಸಿದರು. ಅದು ಐದೂವರೆ ಅಡಿ ಅಗಲದ ಬ್ರಾಡ್‌ಗೇಜ್ ದಾರಿ. ದಂಡಿಗೆ ಬೇಕಾದ ಸಿಪಾಯಿಗಳನ್ನೂ ಸಾಮಗ್ರಿಯನ್ನೂ ತರುವುದು ಅದರ ಮುಖ್ಯ ಉದ್ದೇಶವಾಗಿತ್ತೆಂದರೆ ತಪ್ಪಾಗದು. ಬೆಂಗಳೂರಿನಿಂದಾಚೆಗೆ, ಅಂದರೆ ಸಂಸ್ಥಾನದ ಒಳನಾಡಿಗೆ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಎತ್ತಿನ ಗಾಡಿಯೇ ಗತಿಯಾಗಿತ್ತು.

ಈ ಅಂತರದ ಬೆಲೆ ಏನೆಂಬುದು ತಿಳಿದುಬಂದುದು ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ. ಧಾನ್ಯವನ್ನು ಹೊತ್ತ ಗಾಡಿಗಳು ಬೆಂಗಳೂರಿನವರೆಗೆ ಬರುತ್ತಿದ್ದುವು. ಅಲ್ಲಿಂದ ಮುಂದಕ್ಕೆ ಸಾಗಿಸಬೇಕಾದ ಎತ್ತುಗಳು ಮೇವು ನೀರಿಲ್ಲದೆ ಸಾಯುತ್ತಿದ್ದುವು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಬೆಂಗಳೂರು ಮೈಸೂರು ರೈಲು ದಾರಿಯ ಮಣ್ಣು ಕೆಲಸ ಆರಂಭವಾದುದು ಈ ಕ್ಷಾಮದ ನಡುವೆ, ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿ. ಇಂದು ನಾವು ಎರಡು ಗಂಟೆಯ ಆಚೀಚೆ ಸುಖವಾಗಿ ಕುಳಿತು ಹೋಗುವ ದಾರಿಯ ತಳದಲ್ಲಿರುವುದು ಹೊಟ್ಟೆಗಿಲ್ಲದವರು ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣು. ಇದನ್ನು ಮರೆತು ಮೈಸೂರು ರೈಲಿನ ಮಾತನ್ನಾಡುವುದು ಅಡಿಪಾಯವನ್ನು ಬಿಟ್ಟು ಗೋಪುರವನ್ನು ವರ್ಣಿಸಿದಂತೆ.

೧೮೮೧ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಿತು. ಅದೇ ವರ್ಷ ಚನ್ನಪಟ್ಟಣದವರೆಗೂ, ಮರುವರ್ಷ ೧೮೮೨ರಲ್ಲಿ ಮೈಸೂರಿನವರೆಗೂ ಗಾಡಿ ಓಡಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮುಗಿದ ಈ ೮೬ ಮೈಲಿಯ ಮೀಟರ್‌ಗೇಜ್ ದಾರಿಗೆ ಸುಮಾರು ಐವತ್ತೈದು ಲಕ್ಷ ರೂಪಾಯಿ ವೆಚ್ಚವಾಯಿತು. ಕ್ಷಾಮದಿಂದ ಬರಿದಾಗಿದ್ದ ಬೊಕ್ಕಸಕ್ಕೆ ಅದು ಸಣ್ಣ ಹೊರೆಯಲ್ಲ. ೧೮೮೬ರಲ್ಲಿ ಸರ್ಕಾರ ಆ ದಾರಿಯ ಆಡಳಿತವನ್ನು ಸದರನ್ ಮರಾಠಾ ರೈಲ್ವೆ ಕಂಪೆನಿಗೆ ಒಪ್ಪಿಸಬೇಕಾಯಿತು. ಮುಂದೆ ಬೆಂಗಳೂರಿನಿಂದ ತುಮಕೂರು, ಅರಸೀಕೆರೆಗಳ ಮೂಲಕ ಹರಿಹರದವರೆಗಿನ ದಾರಿ ೧೮೮೯ರಲ್ಲಿ ಪೂರ್ತಿಯಾಯಿತು. ೧೮೯೧ರಲ್ಲಿ ಮೈಸೂರಿನಿಂದ ನಂಜನಗೂಡಿನ ಕಡೆಗೆ, ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿಗಳು ಬಂದುವು. ನೆಲ ಮೈಸೂರಿನದು, ಸಾಲ ಮೈಸೂರಿನದು. ಗಾಡಿ ನಡೆಸುವ ಅಧಿಕಾರ ಮಾತ್ರ ಕಂಪೆನಿಯದು. ಈ ಸ್ಥಿತಿ ಬಹುಕಾಲ ಉಳಿಯಿತು.

ಇದನ್ನು ಬದಲಾಯಿಸಬೇಕೆಂದು ಹಟ ತೊಟ್ಟವರು ೧೯೧೨ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು. ಅವರ ಕಾಲದಲ್ಲಿ ರೈಲು ದಾರಿಗಳನ್ನು ಕಟ್ಟುವ ಹೊಣೆಯನ್ನು ಸಂಸ್ಥಾನವೇ ಕೈಗೆತ್ತಿಕೊಂಡಿತು. ಮೈಸೂರಿನಿಂದ ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಗೆ ಸೇರುವ ೧೦೩ ಮೈಲಿಯ ದಾರಿ ೧೯೧೭–೧೮ರ ಸುಮಾರಿಗೆ ಮುಗಿಯಿತು. ಕೋಲಾರ ಸೀಮೆಯಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರಗಳನ್ನು ಮುಟ್ಟಿ ಬೌರಿಂಗ್‌ಪೇಟೆಗೆ ಹೋಗುವ ಎರಡೂವರೆ ಅಡಿಯ ಸಣ್ಣ ಹಳಿ ೧೯೧೦ರ ದಶಕದ್ದು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಮಲೆನಾಡಿನೊಳಗೆ ಹಾಕಿದ ಎರಡು ಅಡಿಯ ಟ್ರಾಮ್ ದಾರಿಯೂ ಆ ದಶಕದ್ದೇ. ೧೯೧೯ರಲ್ಲಿ ಬೆಂಗಳೂರು ಮೈಸೂರು ನಂಜನಗೂಡು ದಾರಿಯ ಆಡಳಿತ ಸಂಸ್ಥಾನಕ್ಕೆ ಮರಳಿತು. ೧೯೨೬ರಲ್ಲಿ ನಂಜನಗೂಡಿನ ದಾರಿ ಚಾಮರಾಜನಗರಕ್ಕೆ ಬೆಳೆಯಿತು. ಕಂಪೆನಿಯ ವಶದಲ್ಲಿ ಉಳಿದಿದ್ದ ಹರಿಹರ, ಶಿವಮೊಗ್ಗಗಳ ದಾರಿಗಳು ೧೯೩೮ರಲ್ಲಿ ಕೈಸೇರಿದುವು. ಶಿವಮೊಗ್ಗದಿಂದ ಸಾಗರದ ಮೂಲಕ ಜೋಗದ ಸಮೀಪದ ತಾಳಗುಪ್ಪದವರೆಗಿನ ದಾರಿ ೧೯೪೦ರಲ್ಲಿ ಪೂರ್ತಿಯಾಯಿತು. ದೇಶ ಸ್ವತಂತ್ರವಾದ ಮೇಲೆ, ೧೯೫೧ರ ಏಪ್ರಿಲ್ ೧೪ರಂದು ಮೈಸೂರು ಸ್ಟೇಟ್ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು.

ಈಗ ಹುಡುಗರ ಪ್ರಶ್ನೆಗೆ ಬರೋಣ. ೧೮೮೨ನ್ನು ಆರಿಸಿಕೊಂಡರೆ ಮೊದಲ ಗಾಡಿಯ ಸಂಭ್ರಮವಿರುತ್ತದೆ. ಆದರೆ ಸಂಸ್ಥಾನದ ನಕ್ಷೆಯಲ್ಲಿ ಒಂದೇ ಗೆರೆ ಎಳೆದಂತೆ ಇರುತ್ತದೆ. ೧೯೧೮ನ್ನು ಆರಿಸಿದರೆ ಹಳಿಗಳು ಹರಡಿವೆ, ಆಡಳಿತ ಹಂಚಿಹೋಗಿದೆ. ೧೯೪೦ರಿಂದ ೧೯೫೧ರವರೆಗಿನ ಹನ್ನೊಂದು ವರ್ಷಗಳಲ್ಲಿ ಮಾತ್ರ ಮೀಟರ್‌ಗೇಜಿನ ಈ ದಾರಿಗಳೆಲ್ಲವೂ ಒಂದೇ ಆಡಳಿತದ ಕೆಳಗೆ, ಒಂದೇ ಹೆಸರಿನಲ್ಲಿ, ಪೂರ್ಣ ಬೆಳೆದ ರೂಪದಲ್ಲಿದ್ದುವು. ಆದುದರಿಂದ ನನ್ನ ಸಲಹೆ ಈ ಹನ್ನೊಂದು ವರ್ಷಗಳಿಗೆ, ಅದರಲ್ಲಿಯೂ ಅದರ ಮೊದಲ ವರ್ಷಗಳಿಗೆ. ಒಂದು ನಾಡು ತನ್ನ ಸಂಚಾರ ವ್ಯವಸ್ಥೆಯನ್ನು ತಾನೇ ಕಟ್ಟಿ, ಕಳೆದುಕೊಂಡು, ಮತ್ತೆ ಪಡೆದು, ಒಟ್ಟುಗೂಡಿಸಿದ ಘಳಿಗೆ ಅದು. ಅದಕ್ಕೆ ಮುಂಚೆ ನೋಡಿದರೆ ಕಥೆ ಅರ್ಧ. ಆಮೇಲೆ ನೋಡಿದರೆ ಅದು ಇನ್ನೊಂದು ದೊಡ್ಡ ಕಥೆಯ ಒಳಗೆ ಸೇರಿಹೋಗಿರುತ್ತದೆ.

ಇಸವಿಯನ್ನು ನಿಶ್ಚಯಿಸಿದ ಮೇಲೆ ಬೇರೆ ಎಷ್ಟೋ ಸಂಗತಿಗಳು ತಾವಾಗಿಯೇ ನಿಶ್ಚಿತವಾಗುತ್ತವೆ. ಗಾಡಿಯ ಕಿಟಕಿಯಿಂದ ಕಾಣುವ ನೆಲವನ್ನೇ ನೋಡಿರಿ. ೧೮೮೨ರ ಮಂಡ್ಯ ಮಳೆಯನ್ನು ನಂಬಿದ ಬೆದ್ದಲು ಸೀಮೆ. ಕೃಷ್ಣರಾಜಸಾಗರದ ನಾಲೆ ಹರಿದು, ೧೯೩೩ರಲ್ಲಿ ಸಕ್ಕರೆ ಕಂಪೆನಿ ಸ್ಥಾಪನೆಯಾದ ಮೇಲಿನ ಮಂಡ್ಯ ಬತ್ತದ ಗದ್ದೆ ಮತ್ತು ಕಬ್ಬಿನ ತೋಟಗಳದು. ೧೯೪೦ರ ಆಟದಲ್ಲಿ ಮಂಡ್ಯದ ಸುತ್ತ ಹಸುರಿರಬೇಕು, ನಿಲ್ದಾಣದ ಬಳಿ ಕಾರ್ಖಾನೆಯ ಹೊಗೆಕೊಳವಿ ಇರಬೇಕು. ಹಾಗೆಯೇ ಭದ್ರಾವತಿ. ಅಲ್ಲಿಯ ಕುಲುಮೆಯಿಂದ ಕಬ್ಬಿಣ ಹೊರಬಂದುದು ೧೯೨೩ರಲ್ಲಿ. ಕಾಡಿನ ಸೌದೆಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಕಬ್ಬಿಣವನ್ನು ಕರಗಿಸುತ್ತಿದ್ದ ಆ ಕಾರ್ಖಾನೆಯಿಲ್ಲದೆ ಬೀರೂರು ಶಿವಮೊಗ್ಗ ದಾರಿಯ ಸರಕು ಗಾಡಿಗೆ ಅರ್ಥವಿಲ್ಲ. ಎಂಜಿನ್ನುಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡ ಮೀಟರ್‌ಗೇಜ್ ಉಗಿಯಂತ್ರ ವೈ.ಪಿ. ಎಂಬ ಜಾತಿಯದು. ಅದು ವ್ಯಾಪಕವಾಗಿ ಬಂದುದು ೧೯೫೦ರ ದಶಕದಲ್ಲಿ. ನೆನಪಿಗೆ ಹತ್ತಿರವಿದೆಯೆಂದು ಅದನ್ನು ೧೯೪೦ಕ್ಕೆ ತಂದು ನಿಲ್ಲಿಸಿದರೆ, ವಿಜಯನಗರದ ದರ್ಬಾರಿನಲ್ಲಿ ಗಡಿಯಾರ ಕಟ್ಟಿದಂತಾಗುತ್ತದೆ.

ಇಷ್ಟೆಲ್ಲ ಹೊರಗಿನ ರೂಪದ ಮಾತಾಯಿತು. ಮೈಸೂರು ರೈಲ್ವೆಯ ಒಳಗುಟ್ಟು ಇರುವುದು ಹಳಿಯ ಅಗಲದಲ್ಲಿ. ಸಂಸ್ಥಾನದೊಳಗೆ ಬ್ರಾಡ್‌ಗೇಜ್, ಮೀಟರ್‌ಗೇಜ್, ಎರಡೂವರೆ ಅಡಿಯ ಸಣ್ಣ ಹಳಿ, ಎರಡು ಅಡಿಯ ಟ್ರಾಮ್ ಹಳಿ ಎಂದು ನಾಲ್ಕು ಬಗೆಯ ದಾರಿಗಳು ಒಂದನ್ನೊಂದು ಮುಟ್ಟುತ್ತಿದ್ದುವು. ಮುಟ್ಟುತ್ತಿದ್ದುವೇ ಹೊರತು ಬೆರೆಯುತ್ತಿರಲಿಲ್ಲ. ಮದರಾಸಿನಿಂದ ಮೈಸೂರಿಗೆ ಬರುವ ಮೂಟೆ ಬೆಂಗಳೂರಿನಲ್ಲಿ ಒಂದು ವ್ಯಾಗನಿನಿಂದ ಇಳಿದು ಇನ್ನೊಂದನ್ನು ಹತ್ತಬೇಕು. ಚಿಂತಾಮಣಿಯಿಂದ ಹೊರಟ ಮೂಟೆಗೆ ಯಲಹಂಕದಲ್ಲಿಯೋ ಬೌರಿಂಗ್‌ಪೇಟೆಯಲ್ಲಿಯೋ ಅದೇ ಪಾಡು. ಪ್ರತಿ ಬದಲಾವಣೆಗೂ ಹಮಾಲಿಗಳ ಬೆನ್ನು ಬೇಕು, ಹೊತ್ತು ಬೇಕು, ಹಣ ಬೇಕು. ನಡುವೆ ಒಡೆಯುವುದು, ಸೋರುವುದು, ಕಳುವಾಗುವುದು ಬೇರೆ. ಆಟಗಳಲ್ಲಿ ಸಾಮಾನ್ಯವಾಗಿ ಇದಾವುದೂ ಇರುವುದಿಲ್ಲ. ಸರಕು ಹತ್ತಿದಲ್ಲಿಂದ ಇಳಿಯುವಲ್ಲಿಗೆ ನೇರವಾಗಿ ಹೋಗುತ್ತದೆ. ಮೈಸೂರಿನ ಆಟವನ್ನು ಹಾಗೆ ಕಟ್ಟಿದರೆ ಅದು ಮೈಸೂರಿನದಾಗುವುದಿಲ್ಲ. ಗಾಡಿ ಎಷ್ಟು ವೇಗವಾಗಿ ಬಂದರೂ ಮೂಟೆ ಒಂದು ಕಡೆ ನಿಂತೇ ಹೋಗಬೇಕೆಂಬ ತಾಪತ್ರಯ ಆಡುವವನಿಗೆ ಮುಟ್ಟಬೇಕು. ಒಳನಾಡು ಎಂಬ ಮಾತಿನ ಅರ್ಥ ಆಗ ಅವನಿಗೆ ತಿಳಿದೀತು.

ಎರಡನೆಯ ಗುಟ್ಟು ಒಂಟಿ ಹಳಿಯದು. ಹೋಗುವ ಗಾಡಿಗೂ ಬರುವ ಗಾಡಿಗೂ ಒಂದೇ ದಾರಿ. ಎರಡು ನಿಲ್ದಾಣಗಳ ನಡುವೆ ಒಂದು ವೇಳೆಗೆ ಒಂದೇ ಗಾಡಿ ಇರಬೇಕೆಂಬುದು ಮೀರಲಾಗದ ನಿಯಮ. ಅದಕ್ಕಾಗಿ ನಿಲ್ದಾಣದ ಮಾಸ್ತರನು ಚಾಲಕನಿಗೆ ಅಧಿಕಾರ ಮುದ್ರೆಯಂತೆ ಒಂದು ಟೋಕನ್ ಕೊಡುತ್ತಿದ್ದನು. ಎರಡೂ ನಿಲ್ದಾಣಗಳ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಕಟ್ಟುಬಿದ್ದಿರುತ್ತಿದ್ದುವು. ಒಂದು ಟೋಕನ್ ಹೊರಗಿರುವಾಗ ಇನ್ನೊಂದು ಹೊರಬರುವಂತಿರಲಿಲ್ಲ. ಯಂತ್ರವಿಲ್ಲದ ಕಡೆ ಬರೆಹದ ಲೈನ್ ಕ್ಲಿಯರ್ ಚೀಟಿ. ನಿಲ್ಲದೆ ಹೋಗುವ ಗಾಡಿಯಿದ್ದರೆ, ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ನನ್ನಿಟ್ಟು ಪಾಯಿಂಟ್ಸ್‌ಮನ್ ಕೈಯೆತ್ತಿ ನಿಲ್ಲುತ್ತಿದ್ದನು. ಫೈರ್‌ಮನ್ ಎಂಜಿನ್ನಿನಿಂದ ಬಾಗಿ ತೋಳನ್ನು ಬಳೆಯೊಳಗೆ ತೂರಿಸಿ ಎತ್ತಿಕೊಳ್ಳುತ್ತಿದ್ದನು. ಕತ್ತಲೆ, ಮಳೆ, ಹೊಗೆಗಳ ನಡುವೆ ಕ್ಷಣಾರ್ಧದಲ್ಲಿ ನಡೆಯಬೇಕಾದ ಈ ಕೊಡುಕೊಳೆಯ ಮೇಲೆ ನೂರಾರು ಜನರ ಪ್ರಾಣ ನಿಂತಿರುತ್ತಿತ್ತು. ಇದರ ವಿಧಿಗಳೇನೋ ನಿಯಮದ ಪುಸ್ತಕಗಳಲ್ಲಿ ಸಿಗುತ್ತವೆ. ತೋಳನ್ನು ಎಷ್ಟು ಸಡಿಲ ಬಿಡಬೇಕು, ಬಳೆ ತಗುಲಿದರೆ ಮೊಣಕೈಗೆ ಏನಾಗುತ್ತದೆಂಬುದು ಪುಸ್ತಕಗಳಲ್ಲಿಲ್ಲ. ಅದನ್ನು ಮಾಡಿದವರ ಮೈಯಲ್ಲಿದೆ.

ಮೂರನೆಯದು ನಕ್ಷೆಯ ಅಂಚು. ಯಾವ ಸಿಮ್ಯುಲೇಟರಿನಲ್ಲಿಯೂ ಕಟ್ಟಿದಷ್ಟು ದೂರ ಹೋದ ಮೇಲೆ ಹಳಿ ಥಟ್ಟನೆ ನಿಂತುಬಿಡುತ್ತದೆ. ಆಚೆಗೆ ಬರಿಯ ಬಯಲು. ಅದು ಕಟ್ಟಿದವರ ಶಕ್ತಿಯ ಮಿತಿ. ಮೈಸೂರು ರೈಲ್ವೆಯಲ್ಲಿ ಮಾತ್ರ ಈ ಥಟ್ಟನೆ ನಿಲ್ಲುವುದು ಚಾರಿತ್ರಿಕ ಸತ್ಯವೂ ಹೌದು. ಚಾಮರಾಜನಗರದಲ್ಲಿ ನಿಂತ ಹಳಿಯ ಮುಂದೆ ಕಾಡುಗುಡ್ಡಗಳು, ಅವುಗಳಾಚೆ ಮದರಾಸು ಪ್ರಾಂತ. ತಾಳಗುಪ್ಪದಲ್ಲಿ ನಿಂತ ಹಳಿಯ ಮುಂದೆ ಘಟ್ಟ, ಘಟ್ಟದ ಕೆಳಗೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕರಾವಳಿ. ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕೆಂದು ವಿಶ್ವೇಶ್ವರಯ್ಯನವರು ಕಂಡ ಕನಸು ಕನಸಾಗಿಯೇ ಉಳಿಯಿತು. ಪ್ರಾಂತಗಳ ಗಡಿಗಳು ಅಳಿದು ಎಷ್ಟೋ ಕಾಲವಾದರೂ ಈ ಎರಡು ಊರುಗಳು ಇಂದಿಗೂ ಕೊನೆಯ ನಿಲ್ದಾಣಗಳೇ. ಅಳಿದುಹೋದ ಒಂದು ರಾಜ್ಯದ ಎಲ್ಲೆಯನ್ನು ಅದರ ಹಳಿಗಳ ತುದಿಯಿಂದ ಇಂದಿಗೂ ಗುರುತಿಸಬಹುದೆಂಬುದು ಯೋಚಿಸಬೇಕಾದ ವಿಷಯವಲ್ಲವೆ?

ಈ ಪ್ರಯತ್ನದ ವಿರುದ್ಧ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಹಳೆಯ ಮೀಟರ್‌ಗೇಜ್ ಗಾಡಿಯ ಹಂಬಲವೇಕೆ? ಅದು ನಿಧಾನ, ಇಕ್ಕಟ್ಟು. ದಾರಿ ಬದಲಾಗಲೆಂದು ಜನ ಹಾತೊರೆದು ಕಾದದ್ದು ಸುಳ್ಳೆ? ಈ ಆಕ್ಷೇಪದಲ್ಲಿ ಹುರುಳಿದೆ. ಬೆಂಗಳೂರು ಮೈಸೂರು ದಾರಿ ೧೯೯೩ರಲ್ಲಿ ಬ್ರಾಡ್‌ಗೇಜಾಯಿತು, ಚಾಮರಾಜನಗರದ ದಾರಿ ೨೦೦೮ರಲ್ಲಿ. ಯಾರೂ ಅದಕ್ಕಾಗಿ ಕಣ್ಣೀರು ಸುರಿಸಬೇಕಾಗಿಲ್ಲ. ಮೂಟೆ ಇಳಿಸಿ ಏರಿಸುವ ಕಷ್ಟ ತಪ್ಪಿತು, ದೂರದ ಊರುಗಳಿಗೆ ನೇರ ಗಾಡಿ ಬಂದಿತು. ಆದರೆ ಹಳೆಯದನ್ನು ಮತ್ತೆ ತರಬೇಕೆಂಬುದು ಬೇರೆ, ಅದು ಹೇಗಿತ್ತೆಂದು ತಿಳಿದಿರಬೇಕೆಂಬುದು ಬೇರೆ. ತಾನು ಯಾವ ಕಷ್ಟದಿಂದ ಪಾರಾಗಿ ಬಂದೆನೆಂಬುದನ್ನು ಅರಿಯದ ನಾಡಿಗೆ ತನ್ನ ಸುಖದ ಬೆಲೆಯೂ ತಿಳಿಯದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಇದಕ್ಕೆಲ್ಲ ವಸ್ತುಸಂಗ್ರಹಾಲಯವಿಲ್ಲವೆ? ಇದೆ. ೧೯೭೯ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ದೇಶದಲ್ಲಿ ಆ ಬಗೆಯ ಎರಡನೆಯದು. ದೆಹಲಿಯದು ಅದಕ್ಕೆ ಎರಡು ವರ್ಷ ಹಿರಿಯದು. ಅಲ್ಲಿ ೧೮೯೯ರ ಮಹಾರಾಣಿಯವರ ಸಲೂನಿದೆ. ಅಡುಗೆ, ಊಟ, ಸ್ನಾನಗಳಿಗೆಲ್ಲ ಅನುಕೂಲವಿದ್ದ ಆ ಡಬ್ಬಿಯನ್ನು ಬೆರಗಾಗಿ ನೋಡದವರಿಲ್ಲ. ಆದರೆ ನಿಂತ ಗಾಡಿ ವಸ್ತುವೇ ಹೊರತು ವ್ಯವಸ್ಥೆಯಲ್ಲ. ಮಹಾರಾಣಿಯವರ ಸಲೂನು ಮುಂದೆ ಸಾಗಬೇಕಾದರೆ ಒಬ್ಬ ಮಾಸ್ತರ, ಇಬ್ಬರು ಪಾಯಿಂಟ್ಸ್‌ಮನ್, ಬಿಸಿಲಿನಲ್ಲಿ ಜಲ್ಲಿ ಬಡಿಯುವ ಒಂದು ಗ್ಯಾಂಗು, ಕೈಮರದ ದೀಪಕ್ಕೆ ಎಣ್ಣೆ ಹಾಕುವವನು, ಎಂಜಿನ್ನಿಗೆ ನೀರು ತುಂಬುವವನು ಇವರೆಲ್ಲ ಬೇಕಾಗಿದ್ದರು. ಗಾಜಿನ ಹಿಂದೆ ಇವರಿಗೆ ಎಡೆಯಿಲ್ಲ. ಆಟದಲ್ಲಿಯೂ ಚಾಲಕನೊಬ್ಬನೇ ನಾಯಕನಾದರೆ ಇವರಿಗೆ ಎಡೆ ಸಿಗುವುದಿಲ್ಲ. ಆದ್ದರಿಂದ ಹುಡುಗರಿಗೆ ನನ್ನ ಮುಖ್ಯ ಸೂಚನೆ ಇದು: ಆಡುವವನು ಎಂಜಿನ್ನಿನಲ್ಲಿ ಕೂರುವಂತೆ ಮಾಸ್ತರನ ಮೇಜಿನ ಮುಂದೆಯೂ ಕೂರಲಿ, ಯಾವ ಗಾಡಿಯನ್ನು ನಿಲ್ಲಿಸಿ ಯಾವುದನ್ನು ಬಿಡಬೇಕೆಂದು ಅವನೇ ತೀರ್ಮಾನಿಸಲಿ. ದಾರಿ ತೆರೆಯುವುದಕ್ಕೆ ಮುಂಚೆ ಕ್ಷಾಮದ ಕಾಲದ ಮಣ್ಣು ಕೆಲಸದ ಒಂದು ಅಧ್ಯಾಯವಿರಲಿ. ಹಳಿ ಎಲ್ಲಿಂದ ಬಂದಿತೆಂಬುದನ್ನು ತಿಳಿಯದೆ ಯಾರೂ ಗಾಡಿ ಹತ್ತುವಂತಾಗಬಾರದು.

ಕಲ್ಪನೆಯ ಆಟದಿಂದ ನಿಜವಾದ ನಿಲ್ದಾಣಕ್ಕೆ ಏನು ಪ್ರಯೋಜನವೆಂದು ಕೇಳುವವರಿಗೆ ಅರಸಾಳು ಉತ್ತರ ಹೇಳುತ್ತದೆ. ಶಿವಮೊಗ್ಗ ತಾಳಗುಪ್ಪ ದಾರಿಯ ಆ ಸಣ್ಣ ನಿಲ್ದಾಣದಲ್ಲಿ, ಆರ್. ಕೆ. ನಾರಾಯಣರ ಕಥೆಗಳನ್ನಾಧರಿಸಿದ ಶಂಕರನಾಗ್ ಅವರ 'ಮಾಲ್ಗುಡಿ ಡೇಸ್' ದೂರದರ್ಶನ ಮಾಲಿಕೆಗಾಗಿ ೧೯೮೦ರ ದಶಕದಲ್ಲಿ ಚಿತ್ರೀಕರಣ ನಡೆಯಿತು. ಇಲ್ಲದ ಊರೊಂದಕ್ಕೆ ಅದು ನಿಲ್ದಾಣವಾಯಿತು. ಅದೇ ಕಾರಣದಿಂದ ಅದರ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ, ೨೦೨೦ರಲ್ಲಿ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವಾಗಿ ತೆರೆಯಲಾಯಿತು. ಕಲ್ಪನೆಯ ಊರು ನಿಜದ ಕಟ್ಟಡವನ್ನು ಕಾಪಾಡಿತು. ಅದರ ಅಕ್ಕಪಕ್ಕದ ದಾರಿಗಳಲ್ಲಿದ್ದ ಎಷ್ಟೋ ನಿಲ್ದಾಣಗಳಿಗೆ ಅಂಥ ಕಥೆಗಾರ ದೊರೆಯಲಿಲ್ಲ.

ಎಲ್ಲವನ್ನೂ ಒಮ್ಮೆಗೇ ಕಟ್ಟಹೊರಟರೆ ಯಾವುದೂ ಮುಗಿಯದು. ಮೈಸೂರಿನಿಂದ ಚಾಮರಾಜನಗರದವರೆಗಿನ ಸುಮಾರು ೬೦ ಕಿಲೋಮೀಟರಿನ ದಾರಿಯಿಂದ ಆರಂಭಿಸುವುದು ಮೇಲು. ಅದು ಚಿಕ್ಕದು, ಮನೆಗೆ ಹತ್ತಿರದ್ದು, ಕೊನೆಯಿರುವಂಥದು. ಅಶೋಕಪುರದ ರೈಲ್ವೆ ಕಾರ್ಖಾನೆ ಅದೇ ದಾರಿಯಲ್ಲಿದೆ. ನಂಜನಗೂಡಿನಲ್ಲಿ ಕಪಿಲೆಯ ಮೇಲೆ ದಳವಾಯಿಗಳ ಕಾಲದ, ೧೭೩೫ರದೆಂದು ಹೇಳುವ ಕಲ್ಲು ಸೇತುವೆಯಿದೆ. ರೈಲೆಂಬುದು ಪ್ರಪಂಚದಲ್ಲಿ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಕಟ್ಟಿದ ಆ ಸೇತುವೆಯ ಮೇಲೆ, ಬ್ರಾಡ್‌ಗೇಜ್ ಬರುವವರೆಗೂ, ಒಂದು ಮಗ್ಗುಲಲ್ಲಿ ಗಾಡಿಗಳೂ ಇನ್ನೊಂದು ಮಗ್ಗುಲಲ್ಲಿ ರೈಲೂ ಹೋಗುತ್ತಿದ್ದುವು. ಪ್ರಪಂಚದ ಯಾವ ಆಟದಲ್ಲಿಯೂ ಸುಲಭವಾಗಿ ಸಿಗದ ದೃಶ್ಯವಿದು. ಇಂಥ ಗುರುತುಗಳು ಉಳಿಯುತ್ತವೆಂದು ನಂಬಿ ಕೂರುವಂತಿಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿ ಹಾಕುವಾಗ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು, ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು, ೨೦೧೭ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಉಳಿಸಿಕೊಂಡರು. ಅದು ಸ್ಮಾರಕವಾಗಿದ್ದುದರಿಂದ ಆ ಪುಣ್ಯ. ನೀರಿನ ತೊಟ್ಟಿ, ಕೈಮರದ ಕಂಬ, ಗೇಟಿನವನ ಮನೆ ಇವನ್ನು ಎತ್ತಿ ಸರಿಸುವವರು ಯಾರು?

ಸಾಮಗ್ರಿ ಎಲ್ಲಿದೆಯೆಂದರೆ, ಒಂದು ಪಾಲು ಪತ್ರಾಗಾರದಲ್ಲಿದೆ: ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು, ಹಯವದನರಾಯರ ಮೈಸೂರು ಗೆಜೆಟಿಯರ್, ಸರ್ವೆ ಇಲಾಖೆಯ ಹಳೆಯ ನಕ್ಷೆಗಳು. ಅವು ಕಾಯುತ್ತವೆ; ಇಂದು ಓದದಿದ್ದರೆ ಹತ್ತು ವರ್ಷದ ಮೇಲೆ ಓದಬಹುದು. ಕಾಯಲಾರದ ಪಾಲೊಂದಿದೆ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ನಮ್ಮ ಹಳಿಗಳಿಂದ ಉಗಿಯಂತ್ರ ಮರೆಯಾಯಿತು. ಅದರ ಕೊನೆಯ ದಿನಗಳಲ್ಲಿ ಬೆಂಕಿಗೆ ಕಲ್ಲಿದ್ದಲು ಎಸೆದವರು, ಕಾರ್ಖಾನೆಯಲ್ಲಿ ಖಲಾಸಿಗಳಾಗಿದ್ದವರು, ಟೋಕನ್ ಬಳೆಯನ್ನು ಎತ್ತಿ ಹಿಡಿದವರು ಇಂದು ಎಪ್ಪತ್ತರ ಆಚೀಚೆ ಇದ್ದಾರೆ. ೧೯೪೦ರ ಎಂಜಿನ್ನು ಅವರು ಕಂಡದ್ದಲ್ಲದಿರಬಹುದು. ಆದರೆ ಒಂಟಿ ಹಳಿಯ ಕೆಲಸದ ರೀತಿ, ಆ ಹಳೆಯ ಕೈಗಳಿಂದ ಇವರ ಕೈಗೆ ಬಂದದ್ದು. ಯಾವ ಏರಿನಲ್ಲಿ ಮರಳು ಬಿಡಬೇಕಾಗುತ್ತಿತ್ತು, ಯಾವ ನಿಲ್ದಾಣದ ನೀರು ಬಾಯ್ಲರಿಗೆ ಒಗ್ಗುತ್ತಿರಲಿಲ್ಲ, ಯಾವ ಗಾಡಿಗಾಗಿ ಯಾವ ಗಾಡಿ ಎಷ್ಟು ಹೊತ್ತು ಕಾಯುತ್ತಿತ್ತು ಇವೆಲ್ಲ ಅವರ ನಾಲಗೆಯ ತುದಿಯಲ್ಲಿವೆ. ಒಂದಿಷ್ಟು ಕನ್ನಡದಲ್ಲಿ, ಒಂದಿಷ್ಟು ಉರ್ದುವಿನಲ್ಲಿ, ಒಂದಿಷ್ಟು ತಮಿಳಿನಲ್ಲಿ, ಎಲ್ಲಕ್ಕೂ ಮಿಗಿಲಾಗಿ ಈ ಮೂರನ್ನೂ ಇಂಗ್ಲಿಷನ್ನೂ ಬೆರೆಸಿದ ರೈಲ್ವೆಯದೇ ಆದ ಒಂದು ಭಾಷೆಯಲ್ಲಿ. ಆ ಭಾಷೆಗೆ ನಿಘಂಟಿಲ್ಲ.

ಹುಡುಗರು ಗಣಕಯಂತ್ರದ ಮುಂದೆ ಕೂರುವುದಕ್ಕೆ ಮೊದಲು ಈ ಹಿರಿಯರ ಮುಂದೆ ಕೂರಬೇಕು. ಉದಯಗಿರಿಯಲ್ಲಾಗಲಿ, ಅಶೋಕಪುರದಲ್ಲಾಗಲಿ, ಅರಸೀಕೆರೆ ಬೀರೂರುಗಳಲ್ಲಾಗಲಿ, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರ ಮನೆಗಳನ್ನು ಹುಡುಕುವುದು ಕಷ್ಟವಲ್ಲ. ಅಜ್ಜನ ಮಾತನ್ನು ಮೊಮ್ಮಗನ ಕೈಯಲ್ಲಿರುವ ಫೋನೇ ಮುದ್ರಿಸಿಕೊಳ್ಳಬಲ್ಲದು. ಆಟ ಪೂರ್ತಿಯಾಗಲಿ ಆಗದಿರಲಿ, ಆ ಮುದ್ರಿಕೆಗಳು ಉಳಿದರೆ ಅಷ್ಟರಮಟ್ಟಿಗೆ ನಾಡಿಗೆ ಲಾಭವೇ. ಆಟ ಪೂರ್ತಿಯಾದರಂತೂ, ೧೯೪೦ರ ಒಂದು ಬೆಳಗ್ಗೆ ಚಾಮರಾಜನಗರದ ಗಾಡಿ ಮೈಸೂರು ಬಿಟ್ಟು, ಕಡಕೊಳವನ್ನು ದಾಟಿ, ಕಪಿಲೆಯ ಕಲ್ಲು ಸೇತುವೆಯ ಮೇಲೆ ಮೆಲ್ಲಗೆ ಹರಿಯುವುದನ್ನು ನಮ್ಮ ಮಕ್ಕಳು ಕಾಣುವರು. ಅದನ್ನು ಮೆಲ್ಲಗೆ ನಡೆಸಬೇಕಾದುದೇಕೆಂಬುದನ್ನೂ, ಹಾಗೆ ನಡೆಸಿದವರು ಯಾರೆಂಬುದನ್ನೂ ಅವರು ಕೇಳುವಂತಾಗಲಿ.

(ಬಾನುಲಿ ಭಾಷಣ)